ಮಾತಿನ ನೆಲೆಯನ್ನು ಅರಸಿದ ವೈದ್ಯ: ಪಾಲ್ ಬ್ರೋಕಾ

ದುವ್ವಾಡದ ಸುತ್ತಮುತ್ತ ನೆಲೆಸಿರುವ ಕನ್ನಡ ಕುಟುಂಬಗಳ ಮಕ್ಕಳು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಇಂಗ್ಲಿಷ್ ಆಡುತ್ತಾರೆ. ಇಷ್ಟು ನುಡಿಗಳು ಒಂದೇ ಮಿದುಳಿನಲ್ಲಿ ಹೇಗೆ ನೆಲೆಸುತ್ತವೆ? ಈ ಪ್ರಶ್ನೆಯ ಹಾದಿಯನ್ನು ತೆರೆದವರಲ್ಲಿ ಫ್ರಾನ್ಸಿನ ಶಸ್ತ್ರವೈದ್ಯ ಪಾಲ್ ಬ್ರೋಕಾ ಪ್ರಮುಖರು.

ಬ್ರೋಕಾ ಅವರು 1824ರ ಜೂನ್ 28ರಂದು ಬೋರ್ದೋ ನಗರದ ಸಮೀಪದ ಊರೊಂದರಲ್ಲಿ ವೈದ್ಯರ ಮಗನಾಗಿ ಜನಿಸಿದರು. ಪ್ಯಾರಿಸಿನಲ್ಲಿ ವೈದ್ಯಶಾಸ್ತ್ರವನ್ನು ಕಲಿತು, 1859ರಲ್ಲಿ ಅಲ್ಲಿಯ ಮಾನವಶಾಸ್ತ್ರ ಸಂಘವನ್ನು ಸ್ಥಾಪಿಸಿದರು.

1861ರ ಏಪ್ರಿಲ್‌ನಲ್ಲಿ ಬಿಸೆತ್ರ್ ಆಸ್ಪತ್ರೆಯಲ್ಲಿ ಅವರ ಬಳಿಗೆ ಲೆಬೋರ್ನ್ ಎಂಬ 51 ವರ್ಷದ ರೋಗಿ ಬಂದನು. ಇತರರ ಮಾತು ಅವನಿಗೆ ಬಹುಮಟ್ಟಿಗೆ ತಿಳಿಯುತ್ತಿತ್ತು. ಆದರೆ 21 ವರ್ಷಗಳಿಂದ ಅವನ ಬಾಯಿಂದ ತಾನ್ ಎಂಬ ಸದ್ದಿನ ಹೊರತು ಹೆಚ್ಚೇನೂ ಹೊರಡುತ್ತಿರಲಿಲ್ಲ. ಏಪ್ರಿಲ್ 17ರಂದು ಅವನು ತೀರಿಕೊಂಡನು. ಮರುದಿನವೇ ಬ್ರೋಕಾ ಅವನ ಮಿದುಳನ್ನು ಸಂಘದ ಮುಂದಿಟ್ಟು, ಎಡಮುಂಭಾಗದ ಗಾಯವನ್ನು ತೋರಿಸಿದರು. ಇಂತಹ ಹಲವು ರೋಗಿಗಳನ್ನು ಪರೀಕ್ಷಿಸಿದ ನಂತರ, 1865ರಲ್ಲಿ ಮಾತಿನ ಕಾರ್ಯಕ್ಕೆ ಮಿದುಳಿನ ಎಡಭಾಗವೇ ಮುಖ್ಯವೆಂದು ಪ್ರತಿಪಾದಿಸಿದರು.

ಮಿದುಳಿನ ಕೆಲಸಕ್ಕೂ ಶಾಖಕ್ಕೂ ಸಂಬಂಧವಿರಬಹುದೆಂದು ಭಾವಿಸಿ, ಉಷ್ಣಮಾಪಕಗಳನ್ನು ಜೋಡಿಸಿದ ಕಿರೀಟವೊಂದನ್ನೂ ಅವರು ರೂಪಿಸಿದ್ದರು. ಇಂದಿನ ಮಿದುಳುಚಿತ್ರಣದ ಬೀಜವನ್ನು ಅದರಲ್ಲಿ ಕಾಣಬಹುದು. ಆದರೆ ತಲೆಬುರುಡೆಗಳನ್ನು ಅಳೆದು ಸ್ತ್ರೀಯರನ್ನೂ ಯುರೋಪೇತರ ಜನರನ್ನೂ ಕೀಳೆಂದು ಎಣಿಸಿದ್ದು ಅವರ ದೊಡ್ಡ ಪ್ರಮಾದ. ವಿಜ್ಞಾನ ಅದನ್ನು ತಳ್ಳಿಹಾಕಿದೆ. 1880ರ ಜುಲೈ 9ರಂದು ಅವರು ನಿಧನರಾದರು.

ಲೆಬೋರ್ನನ ಮಿದುಳನ್ನು ಬ್ರೋಕಾ ಕತ್ತರಿಸದೆ ಇಡಿಯಾಗಿ ಕಾಪಿಟ್ಟಿದ್ದರು. ಆ ಮುಂದಾಲೋಚನೆ ಫಲ ನೀಡಿತು. ಅದನ್ನು ಎಂ.ಆರ್.ಐ. ಯಂತ್ರದಲ್ಲಿ ಪರೀಕ್ಷಿಸಿದ ಅಧ್ಯಯನವು 2007ರಲ್ಲಿ ಪ್ರಕಟವಾಯಿತು. ಗಾಯವು ಹೊರಪದರಕ್ಕೆ ಸೀಮಿತವಾಗಿರದೆ ಒಳಗಿನ ನರತಂತುಗಳವರೆಗೂ ಹಬ್ಬಿತ್ತು. ಮಾತು ಒಂದೇ ಜಾಗದ ಸ್ವತ್ತಲ್ಲ, ಹಲವು ಭಾಗಗಳ ಕೂಡುಕೆಲಸವೆಂಬ ತಿಳಿವಳಿಕೆಗೆ ಇದರಿಂದ ಬಲ ಬಂದಿತು.

1997ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ರಕ್ತದ ಆಮ್ಲಜನಕದ ಏರಿಳಿತವನ್ನು ಗುರುತಿಸುವ ಯಂತ್ರದಿಂದ 12 ಮಂದಿ ದ್ವಿಭಾಷಿಗಳನ್ನು ಪರೀಕ್ಷಿಸಲಾಯಿತು. ಎಳವೆಯಲ್ಲೇ ಎರಡು ನುಡಿ ಕಲಿತವರಿಗೆ ಬ್ರೋಕಾ ಪ್ರದೇಶದಲ್ಲಿ ಎರಡಕ್ಕೂ ಒಂದೇ ನೆಲೆ. ಬೆಳೆದ ಮೇಲೆ ಕಲಿತವರಿಗೆ ಅಕ್ಕಪಕ್ಕದ ಬೇರೆ ನೆಲೆಗಳು. ಇಷ್ಟು ಚಿಕ್ಕ ಪರೀಕ್ಷೆಯಿಂದ ಎಲ್ಲವನ್ನೂ ನಿರ್ಣಯಿಸಲಾಗದು. ಆದರೂ ಶಾಲೆಯ ಕಲಿಕೆಗೆ ತೊಡಕಾದೀತೆಂದು ಮನೆಯಲ್ಲಿ ಕನ್ನಡವನ್ನು ಕೈಬಿಡುವ ತಂದೆತಾಯಂದಿರ ಅಂಜಿಕೆಗೆ ಇದರಲ್ಲಿ ಆಧಾರವಿಲ್ಲ. ನಮ್ಮ ಮಕ್ಕಳ ಮಿದುಳಿನಲ್ಲಿ ಕನ್ನಡಕ್ಕೂ ತೆಲುಗಿಗೂ ಎಡೆಯುಂಟು. ಎಡೆಮಾಡಿಕೊಡಬೇಕಾದುದು ನಮ್ಮ ಮನೆಗಳಲ್ಲಿ.