ಆರ್ಗನ್ ತಿದಿಯ ಮೇಲೆ ಹಾರಿದವನು

ಎಡ್ವಿನ್ ಲಿಂಕ್ ಹುಟ್ಟಿದ್ದು 1904ರಲ್ಲಿ, ಅಮೆರಿಕದ ಇಂಡಿಯಾನಾದಲ್ಲಿ. ಬೆಳೆದದ್ದು ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್‌ನಲ್ಲಿ. ಅಲ್ಲಿ ಅಪ್ಪನಿಗೆ ಪಿಯಾನೊ, ಆರ್ಗನ್ ಮಾಡುವ ಕಾರ್ಖಾನೆಯಿತ್ತು. 1920ರಲ್ಲಿ, ಹದಿನಾರರ ಹುಡುಗ 50 ಡಾಲರ್ ಕೊಟ್ಟು ಮೊದಲ ವಿಮಾನ ಪಾಠಕ್ಕೆ ಹೋದ. ಆಗಿನ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ಇಷ್ಟಾದರೂ ಪಾಠದುದ್ದಕ್ಕೂ ಅವನ ಕೈಗೆ ಕೋಲು ಸಿಗಲಿಲ್ಲ. ನೆಲದ ಮೇಲೇ ಹಾರುವುದನ್ನು ಅಗ್ಗವಾಗಿ ಕಲಿಯುವಂತಿದ್ದರೆ ಎಂಬ ಯೋಚನೆ ಅವನನ್ನು ಬಿಡಲಿಲ್ಲ.

1927ರಿಂದ ಸುಮಾರು ಎರಡು ವರ್ಷ ಕಾರ್ಖಾನೆಯ ನೆಲಮಾಳಿಗೆಯಲ್ಲಿ ಕೂತು ಒಂದು ಗಿಡ್ಡ ಮರದ ವಿಮಾನ ಕಟ್ಟಿದ. ಅದನ್ನು ಅಲುಗಾಡಿಸಲು ಹೊಸ ಯಂತ್ರ ಹುಡುಕಲಿಲ್ಲ. ಆರ್ಗನ್ನಿನ ತಿದಿಗಳನ್ನೇ ಕೆಳಗಿಟ್ಟ. ಪಂಪು ಗಾಳಿ ಹೀರುತ್ತದೆ; ಕೋಲು ವಾಲಿಸಿದಂತೆ ಕವಾಟಗಳು ತೆರೆದು ಮುಚ್ಚಿ, ಒಂದು ಬದಿಯ ತಿದಿ ಕುಗ್ಗುತ್ತದೆ, ಎದುರಿನದು ಉಬ್ಬುತ್ತದೆ. ಕೂತವನ ಭಾರವೆಲ್ಲ ನಡುವಿನ ಕೀಲಿನ ಮೇಲೆ. ತಿದಿಗಳ ಕೆಲಸ ವಾಲಿಸುವುದು ಮಾತ್ರ.

ನನ್ನಂಥವರಿಗೆ ಬೇಕಾದ ಗುಟ್ಟು ಇದೇ. ಪುಣೆಯ ಬಾಡಿಗೆ ಮನೆಯ ಬಾಲ್ಕನಿಯಲ್ಲಿ ಕಾರ್ ರೇಸ್ ಆಟಕ್ಕೆಂದು ಅಲುಗಾಡುವ ಸೀಟು ಕಟ್ಟುತ್ತಿದ್ದೇನೆ. ಬಾಲ್ ಸ್ಕ್ರೂ ಜೊತೆ ಸರ್ವೊ ಮೋಟರ್ ಹಾಕಿದರೆ ಸೊಗಸು, ಆದರೆ ಸೀಟಿಗಿಂತ ಅದೇ ದುಬಾರಿ. ರಿಕ್ಲೈನರ್ ಕುರ್ಚಿಗಳಲ್ಲಿರುವ ಅಗ್ಗದ ಲೀನಿಯರ್ ಆಕ್ಚುಯೇಟರ್ ಭಾರ ಎತ್ತುತ್ತದೆ, ಆದರೆ ಆಮೆ. ತಿರುವು ಮುಗಿದ ಮೇಲೆ ಸೀಟು ವಾಲಿದರೆ ಏನು ಸುಖ? ಉಳಿದದ್ದು ಗುಜರಿಯಲ್ಲಿ ಸಿಗುವ ಕಾರಿನ ವೈಪರ್ ಮೋಟರ್. ಗೇರಿನಲ್ಲಿ ಸ್ವಲ್ಪ ಸಡಿಲ, ಸದ್ದೂ ಉಂಟು. ಆದರೂ ಭಾರವನ್ನು ನಡುವಿನ ಯು-ಜಾಯಿಂಟ್‌ಗೆ ಬಿಟ್ಟರೆ ಅಂಥವೆರಡು ಸಾಕು. ಮೋಟರಿನ ಬೆಲೆ ಕೇಳುವ ಮೊದಲು ಅದು ಭಾರ ಎತ್ತಬೇಕೋ, ಬರೀ ವಾಲಿಸಬೇಕೋ ಎಂದು ಕೇಳಿಕೊಳ್ಳಬೇಕು.

ಲಿಂಕ್‌ನ ಪೆಟ್ಟಿಗೆಯನ್ನು ಮೊದಮೊದಲು ಕೊಂಡವರು ಹೆಚ್ಚಾಗಿ ಜಾತ್ರೆ, ಮನರಂಜನಾ ಪಾರ್ಕುಗಳವರು. ವಿಮಾನದವರಿಗೆ ಅದು ಆಟಿಕೆ. 1934ರಲ್ಲಿ ಅಮೆರಿಕದ ಸೇನೆ ಅಂಚೆ ಸಾಗಿಸುವ ಕೆಲಸ ವಹಿಸಿಕೊಂಡಿತು. ಮಂಜಿನಲ್ಲಿ, ರಾತ್ರಿಯಲ್ಲಿ, ಬರೀ ಉಪಕರಣ ನೋಡಿ ಹಾರಿಸುವ ಅಭ್ಯಾಸವಿಲ್ಲದ ಪೈಲಟ್‌ಗಳು ಒಬ್ಬರ ಹಿಂದೊಬ್ಬರು ಸತ್ತರು. ಆಗ ಸೇನೆಯವರು ಲಿಂಕ್‌ನನ್ನು ನ್ಯೂವಾರ್ಕ್‌ಗೆ ಕರೆಸಿದರು. ಅಂದು ದಟ್ಟ ಮಂಜು. ಅವನು ಬರಲಾರ ಎಂದು ಅಧಿಕಾರಿಗಳು ಹೊರಡಲಿದ್ದಾಗ ಅವನ ವಿಮಾನ ಇಳಿಯಿತು. ಸೇನೆ ತಲಾ 3,500 ಡಾಲರಿನಂತೆ ಆರು ಪೆಟ್ಟಿಗೆ ಕೊಂಡಿತು. ಎರಡನೇ ಮಹಾಯುದ್ಧದಲ್ಲಿ ಈ 'ನೀಲಿ ಪೆಟ್ಟಿಗೆ'ಯಲ್ಲಿ ಕಲಿತವರು ಐದು ಲಕ್ಷಕ್ಕೂ ಹೆಚ್ಚು.

ಆಮೇಲೆ ಲಿಂಕ್‌ನ ಗಮನ ಆಕಾಶ ಬಿಟ್ಟು ಸಮುದ್ರಕ್ಕೆ ತಿರುಗಿತು. ಹೆಂಡತಿ ಮೇರಿಯನ್ ಜೊತೆ ಮುಳುಗಿದ ಹಡಗುಗಳನ್ನು ಹುಡುಕಿದ, ಪುಟ್ಟ ಜಲಾಂತರ್ಗಾಮಿ ವಿನ್ಯಾಸ ಮಾಡಿದ. 1973ರ ಜೂನ್‌ನಲ್ಲಿ ಫ್ಲೋರಿಡಾದ ಕೀ ವೆಸ್ಟ್ ಬಳಿ ಅದೇ ಜಲಾಂತರ್ಗಾಮಿ ಮುಳುಗಿದ ಹಡಗೊಂದರ ಅವಶೇಷಕ್ಕೆ ಸಿಕ್ಕಿಕೊಂಡಿತು. ಒಳಗಿದ್ದ ನಾಲ್ವರಲ್ಲಿ ಇಬ್ಬರು ತೀರಿಕೊಂಡರು. ಒಬ್ಬ ಅವನ ಮಗ ಕ್ಲೇಟನ್.

ಎಪ್ಪತ್ತರ ಹೊಸ್ತಿಲಲ್ಲಿದ್ದ ಲಿಂಕ್ ಮತ್ತೆ ಕೆಲಸಕ್ಕೆ ಕೂತ. ಮುಂದಿನ ಎರಡು ವರ್ಷ ಅವನು ರೂಪಿಸಿದ್ದು, ಹಾಗೆ ಸಿಕ್ಕಿಬಿದ್ದ ಜಲಾಂತರ್ಗಾಮಿಯನ್ನು ಬಿಡಿಸಬಲ್ಲ, ಕೇಬಲ್ಲಿಗೆ ಕಟ್ಟಿ ಇಳಿಸುವ, ಒಳಗೆ ಮನುಷ್ಯರು ಬೇಕಿಲ್ಲದ ಯಂತ್ರ. 1981ರಲ್ಲಿ ಬಿಂಗ್‌ಹ್ಯಾಮ್ಟನ್‌ನಲ್ಲೇ ತೀರಿಕೊಂಡ.