ಮಂಗಳೂರಿನಲ್ಲಿ ನೆಲಸಿದ ವರ್ತಕ ಅಬ್ರಹಾಂ ಬೆನ್ ಯಿಜು

ನಮ್ಮ ತುಳುನಾಡಿಗೆ ಬಂದುಹೋದ ಪರದೇಶಿಗಳು ಅನೇಕರು. ಇಬ್ನ್ ಬತೂತನು 14ನೆಯ ಶತಮಾನದಲ್ಲಿ ಮಂಗಳೂರಿಗೆ ಬಂದು, ಮೂರು ದಿನ ಅತಿಥಿಯಾಗಿದ್ದು, ಇಲ್ಲಿಯ ಮೆಣಸು ಶುಂಠಿಗಳನ್ನೂ ಯೆಮನ್ ದೇಶದ ವರ್ತಕರನ್ನೂ ಕಂಡು ಮುಂದಕ್ಕೆ ಹೊರಟನು. ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನು 1801ರಲ್ಲಿ ಫರಂಗಿಪೇಟೆಯ ಮಾರ್ಗವಾಗಿ ಬೆಳ್ತಂಗಡಿಗೆ ಬಂದು, ವೇಣೂರು, ಮೂಡಬಿದ್ರೆ, ಕಾರ್ಕಳಗಳನ್ನು ನೋಡಿಕೊಂಡು, ಕಂಡ ಬೆಳೆಗಳನ್ನೂ ಬಸದಿಗಳನ್ನೂ ಕುರಿತು ಬರೆದಿಟ್ಟು ಹೋದನು. ನಡೆದುಹೋಗುವವನಿಗೆ ಎಲ್ಲ ಊರೂ ಚೆಂದವೇ. ಸಂಜೆ ಇಳಿದಲ್ಲಿ ಊಟ, ಬೆಳಿಗ್ಗೆ ಮತ್ತೆ ದಾರಿ. ಆದರೆ ಬಂದವನು ನಿಂತುಬಿಟ್ಟರೆ? ಹಾಗೆ ನಿಂತ ಒಬ್ಬನ ಚರಿತ್ರೆಯನ್ನು ವಾಚಕರ ಮುಂದಿಡಬೇಕೆಂದು ನನ್ನ ಆಸೆ.

ಅಬ್ರಹಾಂ ಬೆನ್ ಯಿಜು ಯೆಹೂದ್ಯ ಮತದವನು. 12ನೆಯ ಶತಮಾನದ ಆರಂಭಕಾಲದವನು. ಈಗ ಟ್ಯುನೀಸಿಯ ಎನ್ನುವ ದೇಶದ ಕಡಲತೀರದಲ್ಲಿರುವ ಮಹ್ದಿಯಾ ಎಂಬುದು ಆತನ ಊರು. ತಂದೆ ವಿದ್ವಾಂಸನು. ಯೂಸುಫ್, ಮುಬಶ್ಶಿರ್ ಎಂಬ ಸೋದರರೂ ಒಬ್ಬ ಸೋದರಿಯೂ ಇದ್ದರು. ಯೌವನದಲ್ಲಿಯೇ ವ್ಯಾಪಾರಕ್ಕೆಂದು ಊರು ಬಿಟ್ಟು ಏಡನ್ ಬಂದರಕ್ಕೆ ಬಂದು, ಅಲ್ಲಿಯ ವರ್ತಕರ ಮುಖಂಡನಾದ ಮದ್ಮೂನ್ ಎಂಬಾತನ ವಿಶ್ವಾಸಕ್ಕೆ ಪಾತ್ರನಾದನು. ಅಲ್ಲಿಂದ ಹಡಗನ್ನೇರಿ ಮಲಬಾರು, ಮಂಗಳೂರುಗಳ ಕಡೆಗೆ ಬಂದನು. ಆ ಕಾಲದ ವರ್ತಕರು ಮಳೆಗಾಳಿಯ ಲೆಕ್ಕ ಹಿಡಿದು ಬರುವರು, ಸರಕು ತುಂಬಿಸಿ ಗಾಳಿ ತಿರುಗಿದಾಗ ಮರಳುವರು. ಈತನೂ ಹಾಗೆಯೇ ಮರಳಬಹುದಾಗಿತ್ತು.

ಮರಳಲಿಲ್ಲ. ಅದಕ್ಕೆ ಸಾಕ್ಷಿಯಾದ ಒಂದು ಪತ್ರ ಇಂದಿಗೂ ಉಳಿದಿದೆ. ಅದು ಮಂಗಳೂರಿನಲ್ಲಿ 1132ನೆಯ ಇಸವಿ ಅಕ್ಟೋಬರ 17ರಂದು ಬರೆದದ್ದು. ಆಶು ಎಂಬ ದಾಸಿಯನ್ನು ಆತನು ದಾಸ್ಯದಿಂದ ಬಿಡುಗಡೆ ಮಾಡಿದನೆಂಬುದು ಅದರ ವಿಷಯ. ಬಿಡುಗಡೆಯೊಂದಿಗೆ ಆಕೆಗೆ ಬೆರಾಖಾ ಎಂಬ ಹೆಸರನ್ನಿಟ್ಟನು. ಅದು ಆತನ ಸ್ವಂತ ಸೋದರಿಯ ಹೆಸರು. ಆಶುವನ್ನೇ ಮದುವೆಯಾದನು. ಮಗನೊಬ್ಬ, ಮಗಳೊಬ್ಬಳು ಹುಟ್ಟಿದರು. ನಡುವೆ ಕೆಲವು ಕಾಲ ಏಡನ್ನಿಗೆ ಹೋಗಿ ಬಂದದ್ದನ್ನು ಬಿಟ್ಟರೆ ಸುಮಾರು ಹದಿನೇಳು ವರ್ಷ ನಮ್ಮ ಕರಾವಳಿಯೇ ಆತನ ಮನೆಯಾಯಿತು. ಆಗ ಈ ನಾಡನ್ನು ಆಳುತ್ತಿದ್ದವರು ಆಳುಪರು.

ಆತನ ಕಸುಬನ್ನು ಕೇಳಿದರೆ ನಮ್ಮ ಕಡೆಯವರಿಗೆ ಎಲ್ಲವೂ ಪರಿಚಿತವೇ. ಅಡಿಕೆ, ಕಾಳುಮೆಣಸು, ಏಲಕ್ಕಿ, ಕಬ್ಬಿಣ. ಇವುಗಳಲ್ಲಿ ಏಲಕ್ಕಿಯಾಗಲಿ ಮೆಣಸಾಗಲಿ ಮಂಗಳೂರಿನ ಮರಳಿನಲ್ಲಿ ಬೆಳೆಯುವುದಿಲ್ಲ. ಘಟ್ಟದ ತಪ್ಪಲಿನಿಂದ ಇಳಿದು ಬರಬೇಕು. ಬೆಳ್ತಂಗಡಿ ತಾಲೂಕಿನ ಚಾರ್ಮಾಡಿಯನ್ನು ಇಳಿದ ಸರಕು ಬಂಟ್ವಾಳದಲ್ಲಿ ದೋಣಿಯೇರಿ ನೇತ್ರಾವತಿಯ ಮೇಲೆ ಮಂಗಳೂರು ಸೇರುತ್ತಿದ್ದ ಕಾಲವನ್ನು ನಮ್ಮ ಹಿರಿಯರು ಈಗಲೂ ಹೇಳುತ್ತಾರೆ. ಬೆನ್ ಯಿಜುವಿನ ಕಾಗದಗಳಲ್ಲಿ ಏಲಕ್ಕಿಗೆಂದು ಮುಂಗಡ ಕೊಟ್ಟು, ಮಾಲು ಬಾರದೆ ಏಡನ್ನಿನವರಿಗೆ ಉತ್ತರ ಹೇಳಬೇಕಾದ ತಾಪತ್ರಯವೂ ಇದೆ. ಅಡಿಕೆಯ ಮುಂಗಡದ ಜಗಳಗಳನ್ನು ಕೇಳಿಯೇ ಬೆಳೆದವಳು ನಾನು; ಓದುವಾಗ ನಗು ಬಂದಿತು.

ಕಂಚಿನ ಪಾತ್ರೆಗಳ ಕಾರ್ಖಾನೆಯನ್ನೂ ಆತನು ನಡೆಸಿದನು. ಏಡನ್ನಿನ ಗೆಳೆಯರು ಹಳೆಯ ಒಡಕು ಪಾತ್ರೆಗಳನ್ನೂ ತಾಮ್ರವನ್ನೂ ಹಡಗಿನಲ್ಲಿ ಕಳುಹಿಸಿ, ಇಂಥ ಅಳತೆಯ ಇಂಥ ಪಾತ್ರೆ ಆಗಬೇಕೆಂದು ಬರೆಯುವರು. ಇಲ್ಲಿಯ ಕಂಚುಗಾರರು ಕರಗಿಸಿ ಎರಕ ಹೊಯ್ದು ಕೊಡುವರು. ಅಲ್ಲಿಂದ ಸಕ್ಕರೆ, ಒಣದ್ರಾಕ್ಷಿ, ಕಾಗದ ಬರುತ್ತಿದ್ದವು. ಕಾಗದ ಇಲ್ಲಿ ಸಿಕ್ಕುತ್ತಿರಲಿಲ್ಲವಾದ್ದರಿಂದ, ಬಂದ ಪತ್ರಗಳ ಹಿಂಬದಿಯಲ್ಲಿಯೇ ಲೆಕ್ಕವನ್ನೂ ಕವಿತೆಯನ್ನೂ ಬರೆಯುತ್ತಿದ್ದನು. ಬೊಮ್ಮ ಎಂಬ ಇಲ್ಲಿಯವನು ಆತನ ಗುಮಾಸ್ತನಂತಿದ್ದು ಏಡನ್ನಿನ ತನಕ ಹೋಗಿ ಬರುತ್ತಿದ್ದನು. ಒಮ್ಮೆ ಅಲ್ಲಿ ಮದ್ಮೂನನಿಂದ ಹಣ ಪಡೆದು ಕುಡಿದು ಗಲಾಟೆ ಮಾಡಿದನೆಂದು ದೂರೂ ಬಂದಿತು. ಆದರೂ ಒಡೆಯನು ಅವನನ್ನು ಬಿಡಲಿಲ್ಲ. ಬೊಮ್ಮನ ಮೇಲೆ ನನಗೆ ವಿಶೇಷವಾದ ಪ್ರೀತಿ.

ಇಷ್ಟೆಲ್ಲ ತಿಳಿದದ್ದು ಹೇಗೆಂದರೆ, ಯೆಹೂದ್ಯರು ದೇವರ ಹೆಸರಿರಬಹುದಾದ ಬರಹವನ್ನು ನಾಶಮಾಡುತ್ತಿರಲಿಲ್ಲ. ಹಳೆಯ ಕೈರೋದ ಬೆನ್ ಎಜ್ರಾ ಪ್ರಾರ್ಥನಾಮಂದಿರದ ಕೋಣೆಯೊಂದರಲ್ಲಿ ಶತಮಾನಗಳ ಕಾಗದ ರಾಶಿಬಿದ್ದಿತ್ತು. ಸಾಲೊಮನ್ ಶೆಕ್ಟರ್ ಎಂಬ ಪಂಡಿತನು 1896-97ರಲ್ಲಿ ಅದರ ಬಹುಭಾಗವನ್ನು ಕೇಂಬ್ರಿಜ್ಜಿಗೆ ಸಾಗಿಸಿದನು. ಗೋಯ್‌ಟೈನ್ ಎಂಬ ವಿದ್ವಾಂಸರು ಜೀವಮಾನವನ್ನೇ ಸವೆಸಿ ಅವುಗಳನ್ನು ಓದಿದರು. ಅಮಿತಾವ ಘೋಷರು 1992ರಲ್ಲಿ ಇದೇ ಕಥೆಯನ್ನು ಹಿಡಿದು ಇಂಗ್ಲಿಷಿನಲ್ಲಿ ಪುಸ್ತಕ ಬರೆದ ಮೇಲೆ ಬೆನ್ ಯಿಜುವಿನ ಹೆಸರು ಲೋಕಕ್ಕೆಲ್ಲ ತಿಳಿಯಿತು.

ಇನ್ನು ಕಥೆಯ ಕಷ್ಟದ ಭಾಗಕ್ಕೆ ಬರುತ್ತೇನೆ. 1148ರಲ್ಲಿ ಸಿಸಿಲಿಯ ದೊರೆ ರೋಜರನ ಸೈನ್ಯವು ಮಹ್ದಿಯಾವನ್ನು ವಶಪಡಿಸಿಕೊಂಡಿತು. ಬೆನ್ ಯಿಜುವಿನ ಒಡಹುಟ್ಟಿದವರು ಮನೆಮಾರು ಕಳೆದುಕೊಂಡು ಸಿಸಿಲಿ ಸೇರಿದರು. ಮರುವರ್ಷ, 1149ರಲ್ಲಿ, ಆತನು ಇಬ್ಬರು ಮಕ್ಕಳನ್ನು ಕರೆದುಕೊಂಡು ಏಡನ್ನಿಗೆ ಹೊರಟುಬಿಟ್ಟನು. ಸೆಪ್ಟೆಂಬರ 11ರಂದು ತಮ್ಮನಿಗೆ ಕಾಗದ ಬರೆದು, ತಾನು ಕ್ಷೇಮವಾಗಿ ಬಂದಿರುವುದಾಗಿಯೂ, ಎಲ್ಲರಿಗೂ ಸಾಕಾಗುವಷ್ಟು ಐಶ್ವರ್ಯ ತನ್ನಲ್ಲಿರುವುದಾಗಿಯೂ, ಕೂಡಲೇ ಬಂದು ಸೇರಬೇಕೆಂದೂ ತಿಳಿಸಿದನು. ಆ ಕಾಗದದಲ್ಲಿ ಮಕ್ಕಳ ಮಾತಿದೆ. ಆಶುವಿನ ಮಾತಿಲ್ಲ. ಉಳಿದಿರುವ ಆತನ ಯಾವ ಕಾಗದದಲ್ಲಿಯೂ ಹೆಂಡತಿಯ ಯೋಗಕ್ಷೇಮ ಕಾಣದು.

ಆಶುವಿನ ಸೋದರನನ್ನು ಲೆಕ್ಕದ ಚೀಟಿಯೊಂದರಲ್ಲಿ ನಾಯರ್ ಎಂದು ಬರೆದಿದೆ. ನಾಯರರ ಕಟ್ಟಾಗಲಿ ನಮ್ಮ ಅಳಿಯಸಂತಾನವಾಗಲಿ, ಎರಡರಲ್ಲೂ ಮಕ್ಕಳು ತಾಯಿಯ ಮನೆಗೆ ಸೇರಿದವರು. ಆ ಲೆಕ್ಕದಿಂದ ನೋಡಿದರೆ ಮಗಳನ್ನು ಹಡಗೇರಿಸಿದ ತಂದೆ ಆಶುವಿನ ವಂಶವನ್ನೇ ಹಡಗೇರಿಸಿದಂತಾಯಿತು.

ನನ್ನ ಸೋದರಮಾವ ಹನ್ನೊಂದು ವರ್ಷದಿಂದ ಗಲ್ಫಿನಲ್ಲಿದ್ದಾರೆ. ಎರಡು ವರ್ಷಕ್ಕೊಮ್ಮೆ ರಜೆಗೆ ಬರುತ್ತಾರೆ. ಅಮ್ಮ ಕಟ್ಟಿದ ಬೀಡಿಯ ಜೊತೆಗೆ ಅವರು ಕಳುಹಿಸಿದ ಹಣವೂ ಸೇರಿದ್ದರಿಂದಲೇ ನಮ್ಮ ಮನೆಯಲ್ಲಿ ಮೊದಲಿಗಳಾಗಿ ನಾನು ಬಿ.ಎ. ತರಗತಿಯ ಬೆಂಚಿನಲ್ಲಿ ಕುಳಿತೆನು. ಹೀಗೆ ಹೋಗಿ ಬರುತ್ತಲೇ ಇರುವುದೋ, ಸಂಸಾರವನ್ನು ಕರೆಸಿಕೊಂಡು ಅಲ್ಲಿಯೇ ನಿಲ್ಲುವುದೋ ಎಂಬ ವಿಚಾರ ಈ ವರ್ಷ ಮನೆಯಲ್ಲಿ ನಡೆದಿದೆ. ಅಜ್ಜಿ ಒಂದು ಹೇಳುತ್ತಾರೆ, ಅಮ್ಮ ಇನ್ನೊಂದು. ನಾನು ಬೆನ್ ಯಿಜುವನ್ನು ಓದಿದ ಮೇಲೆ ಮಾವನಿಗೆ ಫೋನು ಮಾಡಿ, ಅತ್ತೆಯ ಅಭಿಪ್ರಾಯವೇನೆಂದು ಕೇಳಿದೆನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಅವಳೇನು ಹೇಳುತ್ತಾಳೆ ಎಂದರು.

ಬೆನ್ ಯಿಜುವಿಗೆ ಮರಳಿದ ಸುಖ ದೊರೆಯಲಿಲ್ಲ. ಮುಬಶ್ಶಿರನು ಅಣ್ಣನ ದೊಡ್ಡ ಮೊತ್ತವೊಂದನ್ನು ಮೋಸದಿಂದ ನುಂಗಿದನು. ಮಂಗಳೂರಿನಿಂದ ಬಂದ ಮಗನು ಯೆಮನ್ನಿನಲ್ಲಿ ತೀರಿಕೊಂಡನು. ತಂದೆ ಒಳನಾಡಿನ ಧೂ ಜಿಬ್ಲಾ ಎಂಬ ಊರಿನಲ್ಲಿ ವ್ಯಾಪಾರ ಹೂಡಿದಾಗ ಮಗಳು ಸಿತ್ ಅಲ್‌ದಾರ್ ಏಡನ್ನಿನಲ್ಲಿ ಗೆಳೆಯನ ಮನೆಯಲ್ಲಿ ಮೂರು ವರ್ಷ ಬೆಳೆದಳು. ಅವರು ತಮ್ಮ ಮಗನಿಗೆ ಅವಳನ್ನು ಕೇಳಿದರು. ತಂದೆ ಮೊದಲು ಒಪ್ಪಿದ್ದವನು ಆಮೇಲೆ ಹಿಂದೆಗೆದನು. ಯೂಸುಫನ ಮಗ ಓದಿನಲ್ಲಿ ಜಾಣನೆಂದು ಕೇಳಿ, ಹೊರಗಿನವರಿಗಿಂತ ರಕ್ತಸಂಬಂಧವೇ ಮೇಲೆಂದು ನಿಶ್ಚಯಿಸಿದನು. ದಾಸಿಯಾಗಿದ್ದ ಪರದೇಶದ ಹೆಣ್ಣನ್ನು ತಾನೇ ವರಿಸಿ ಹದಿನೇಳು ವರ್ಷ ಬಾಳಿದವನು ಹೀಗೆ ಎಣಿಸಿದನಲ್ಲ ಎಂದು ನಾನು ಎಷ್ಟೋ ಸಲ ಆಲೋಚಿಸಿದ್ದೇನೆ.

ಕೊನೆಗೆ ತಂದೆ ಮಗಳು ಈಜಿಪ್ತಿನ ಫುಸ್ತಾತಿಗೆ ಹೋದರು. ಸಿಸಿಲಿಯಿಂದ ವರನು ಬಂದನು. 1156ರಲ್ಲಿ ಮದುವೆಯಾಯಿತು. ವಧುವಿನ ಒಡವೆ ವಸ್ತ್ರಗಳ ಪಟ್ಟಿಯೂ ಆ ಕಾಗದಗಳ ರಾಶಿಯಲ್ಲಿಯೇ ದೊರೆತಿದೆ. ಮಂಗಳೂರಿನ ಆಶುವಿನ ಮಗಳದು.