ನಮ್ಮ ಜಿಲ್ಲೆಯ ಪರಮವೀರ ರಾಣೆ

ಭಟ್ಕಳದಿಂದ ಬರೋ ಕಾರವಾರ ಬಸ್ಸನ್ನು ಹೊನ್ನಾವರದಲ್ಲಿ ಹತ್ತಿ ಕುಮಟಾ, ಅಂಕೋಲಾ ದಾಟಿದರೆ ಕಾರವಾರಕ್ಕಿಂತ ಮೊದಲು ಚೆಂಡಿಯಾ ಅಂತ ಊರು ಸಿಗ್ತದೆ. ಪರಮವೀರ ಚಕ್ರ ಪಡೆದ ರಾಮ ರಾಘೋಬಾ ರಾಣೆಯವರ ಮನೆತನದ ಊರು ಅದೇ. ಆರನೇ ಇಯತ್ತೆವರೆಗೂ ನನಗಿದು ಗೊತ್ತಿರಲಿಲ್ಲ.

ರಾಣೆಯವರು 1918ನೇ ಇಸವಿ ಜೂನ್ 26ರಂದು ಹುಟ್ಟಿದರು. ತಂದೆ ಪೊಲೀಸ್ ಪೇದೆ. ತಂದೆಗೆ ವರ್ಗ ಆದ ಹಾಗೆ ಮಗನ ಶಾಲೆಯೂ ಬದಲು. 1940ರಲ್ಲಿ ಸೈನ್ಯದ ಬಾಂಬೆ ಇಂಜಿನಿಯರ್ಸ್ ಸೇರಿ ಬರ್ಮಾದಲ್ಲಿ ಜಪಾನಿಯರ ವಿರುದ್ಧ ಹೋರಾಡಿದರು. ಇಂಜಿನಿಯರ್ ಅಂದ್ರೆ ಕಟ್ಟಡ ಕಟ್ಟೋರು ಅಂದ್ಕೊಂಡಿದ್ದೆ. ಸೈನ್ಯದಲ್ಲಿ ಅವರು ರಸ್ತೆ, ಸೇತುವೆ ಮಾಡ್ತಾರೆ, ನೆಲದಲ್ಲಿ ಹುಗಿದಿಟ್ಟ ಮೈನ್ ಬಾಂಬು ತೆಗೀತಾರೆ.

ಯುದ್ಧದ ಕಾರ್ಯಾಚರಣೆಗೆ ಗುಪ್ತ ಹೆಸರು ಇಡ್ತಾರೆ. ಊರಿನ ಹೆಸರನ್ನೇ ಹೇಳಿಬಿಟ್ರೆ ವೈರಿಗೆ ಗೊತ್ತಾಗ್ತದಲ್ಲ! 1961ರಲ್ಲಿ ಗೋವಾ ಬಿಡಿಸುವಾಗ ನೌಕಾಪಡೆಯ ಕಡಲ ಕಾವಲಿಗೆ ಆಪರೇಷನ್ ಚಟ್ನಿ ಅಂತ ಹೆಸರಿತ್ತು. ನಗಬೇಡಿ, ನಿಜವಾಗಿಯೂ ಚಟ್ನಿಯೇ. ಕಾಶ್ಮೀರದಲ್ಲಿ ಝಂಗರ್ ಎಂಬ ಊರನ್ನು ಮರಳಿ ಗೆಲ್ಲೋ ಕೆಲಸಕ್ಕೆ ಆಪರೇಷನ್ ವಿಜಯ್ ಅಂತ ಇಟ್ಟಿದ್ದರು. 1948ರ ಮಾರ್ಚ್ 18ಕ್ಕೆ ಝಂಗರ್ ಸಿಕ್ಕಿತು. ಮುಂದೆ ರಜೌರಿ ಬಿಡಿಸಬೇಕು. ಅಲ್ಲಿಯ ಜನರನ್ನು ದಾಳಿಕೋರರು ಕೊಲ್ತಾ ಇದ್ರು, ತಡ ಮಾಡೋ ಹಾಗಿರಲಿಲ್ಲ. ಆದ್ರೆ ದಾರಿ ತುಂಬ ಮೈನು, ಅಡ್ಡ ಕೆಡವಿದ ಪೈನ್ ಮರಗಳು.

ಏಪ್ರಿಲ್ 8ರಂದು ರಾಣೆಯವರ ತಂಡ ಕೆಲಸ ಸುರು ಮಾಡಿದ ಕೂಡಲೇ ಶೆಲ್ ಬಿದ್ದು 2 ಜನ ಸತ್ತರು, 5 ಜನರಿಗೆ ಗಾಯ. ಆ 5ರಲ್ಲಿ ರಾಣೆಯವರೂ ಒಬ್ಬರು. ಆದ್ರೂ ಕೆಲಸ ಬಿಡಲಿಲ್ಲ. ಗುಂಡು ಹಾರ್ತಾ ಇರುವಾಗ ಟ್ಯಾಂಕಿನ ಕೆಳಗೆ ನುಗ್ಗಿ, ಅದು ಚಲಿಸಿದ ಹಾಗೆ ತಾವೂ ತೆವಳ್ತಾ ಮುಂದೆ ಹೋದರು. ಒಳಗಿರೋ ಚಾಲಕನಿಗೆ ಕೂಗಿದ್ರೆ ಕೇಳೋದಿಲ್ಲ. ಅದಕ್ಕೆ ಎರಡು ಹಗ್ಗ ಇಟ್ಕೊಂಡಿದ್ರು. ಒಂದು ಎಳೆದ್ರೆ ನಿಲ್ಲು, ಇನ್ನೊಂದು ಎಳೆದ್ರೆ ಹೊರಡು. ಹಗ್ಗ ತಪ್ಪಿದ್ರೆ ಟ್ಯಾಂಕು ಅವರ ಮೇಲೇ! ಹೇಗಿರ್ತದೆ ನೋಡೋಣ ಅಂತ ನಾನು ನಮ್ಮನೆ ಎತ್ತಿನಗಾಡಿ ಕೆಳಗೆ ಮಲಗಿದ್ದೆ. ಎತ್ತು ಕಟ್ಟಿರಲಿಲ್ಲ, ಆದ್ರೂ ಹೆದರಿಕೆ ಆಯ್ತು.

11ರವರೆಗೂ ಹೀಗೇ ದಾರಿ ಬಿಡಿಸಿದರು. 12ಕ್ಕೆ ನಮ್ಮ ಸೈನ್ಯ ರಜೌರಿ ಮುಟ್ಟಿತು.

ಪರಮವೀರ ಚಕ್ರ ಹೆಚ್ಚಿನವರಿಗೆ ಸತ್ತ ಮೇಲೆ ಸಿಕ್ಕಿದ್ದು. ರಾಣೆಯವರು ಬದುಕಿದ್ದಾಗಲೇ ಪಡೆದರು. 1968ರಲ್ಲಿ ಮೇಜರ್ ಆಗಿ ನಿವೃತ್ತರಾಗಿ, 1994ರ ಜುಲೈ 11ರಂದು ತೀರಿಕೊಂಡರು. ಕಾರವಾರದ ಕಡಲದಂಡೆಯಲ್ಲಿ ಅವರ ಪ್ರತಿಮೆ ಇದೆ. ಅಕ್ಕೋರು ಒಪ್ಪಿದ್ರೆ ಈ ಸಲದ ಪ್ರವಾಸ ಅಲ್ಲಿಗೇ ಹೋಗಬಹುದು. ಹೋಗುವಾಗ ಚೆಂಡಿಯಾದಲ್ಲಿ ಎರಡು ನಿಮಿಷ ಬಸ್ಸು ನಿಲ್ಲಿಸಬೇಕು.